ಟಮಕದ ಫುಟ್‌ಬಾಲ್ ಲೆಕ್ಕ: ಚೆಂಡು ಅಗ್ಗ, ನೀರು ದುಬಾರಿ

ಕೋಲಾರದ ಕಾಲೇಜು ಆಟಗಾರ ಊರು ಬಿಡದೆಯೇ ಮೂರು ವಿಶ್ವವಿದ್ಯಾಲಯಗಳ ಜರ್ಸಿ ಕಂಡಿದ್ದಾನೆ. ಮೊದಲು 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯ, ಆಮೇಲೆ 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯ, ಅದನ್ನು 2017ರಲ್ಲಿ ಮೂರು ಪಾಲು ಮಾಡಿದಾಗ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ. ಇದರ ಕಚೇರಿ ಕೋಲಾರದ ಟಮಕಕ್ಕೇ ಬಂತು. ಆಡಳಿತವೇನೋ ಹತ್ತಿರವಾಯಿತು; ಮೈದಾನ ಎಷ್ಟು ಹತ್ತಿರವಾಯಿತು ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಫುಟ್‌ಬಾಲ್ ಈ ಜಿಲ್ಲೆಗೆ ಹೊಸದಲ್ಲ. ಬ್ರಿಟಿಷರ ಕಾಲದಲ್ಲೇ ಕೆಜಿಎಫ್ ಗಣಿ ಕಾಲೊನಿಗಳಲ್ಲಿ ಬೇರೂರಿದ ಆಟ ಇದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಇನ್ನು ರಾಜ್ಯ ತಂಡದ ಮಾತು: ಮೈಸೂರು ರಾಜ್ಯವಾಗಿದ್ದಾಗ 4 ಬಾರಿ ಗೆದ್ದ ರಾಷ್ಟ್ರೀಯ ಫುಟ್‌ಬಾಲ್‌ನ ಸಂತೋಷ್ ಟ್ರೋಫಿಯನ್ನು 1968-69ರ ನಂತರ ನಾವು ಮತ್ತೆ ಎತ್ತಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ಅಂಥ ತಂಡಗಳಿಗೆ ಹುಡುಗರು ಬರಬೇಕಾದ ದಾರಿಗಳಲ್ಲಿ ಕಾಲೇಜು ಮೈದಾನವೂ ಒಂದು.

ಒಂದು ಮಾದರಿ ಲೆಕ್ಕ ಹಾಕೋಣ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ತಲಾ 5ರಂತೆ 20 ಆಟಗಾರರು. ವಾರಕ್ಕೆ 5 ದಿನದಂತೆ 8 ವಾರ, ಒಟ್ಟು 40 ದಿನದ ಶಿಬಿರ. ಟಮಕದಲ್ಲಿ ಹುಲ್ಲಿನ ಮೈದಾನ. ಇಲ್ಲಿರುವ ದರಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಓದುಗರು ತಮ್ಮ ಊರಿನ ದರ ಹಾಕಿಕೊಳ್ಳಬಹುದು.

ಉಡುಪು, ಬೂಟು: ಒಬ್ಬರಿಗೆ ₹2,500ರಂತೆ ₹50,000. ಚೆಂಡು: ₹1,000ದಂತೆ 10ಕ್ಕೆ ₹10,000.

ಬಸ್ಸು: ಕೋಲಾರದಿಂದ ಮಾಲೂರು, ಮುಳಬಾಗಿಲಿಗೆ ಸುಮಾರು 30 ಕಿ.ಮೀ., ಶ್ರೀನಿವಾಸಪುರಕ್ಕೆ ಸುಮಾರು 25. ಮುಳಬಾಗಿಲಿನ ಹುಡುಗ ದಿನಕ್ಕೆ 60ರಂತೆ 40 ದಿನದಲ್ಲಿ 2,400 ಕಿ.ಮೀ. ಓಡಾಡುತ್ತಾನೆ. ಹೊರಗಿನ 15 ಜನರದ್ದು ಸೇರಿದರೆ 34,000 ಕಿ.ಮೀ.; ಕಿ.ಮೀ.ಗೆ ₹1.25ರಂತೆ ₹42,500. ಮನೆಯಿಂದ ಕಾಲೇಜಿಗಷ್ಟೇ ಮಾಡಿಸಿದ ವಿದ್ಯಾರ್ಥಿ ಪಾಸು ಇಲ್ಲಿ ಕೈಹಿಡಿಯದು. ಹುಡುಗಿಯರ ತಂಡವಾದರೆ ಈ ಬಾಬ್ತು ಸೊನ್ನೆ: 2023ರ ಜೂನ್ 11ರಿಂದ ಜಾರಿಗೆ ಬಂದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆ ಆ ಖರ್ಚನ್ನು ಅಳಿಸಿದೆ. ಹೊತ್ತು ಮಾತ್ರ ಇಬ್ಬರಿಗೂ ಒಂದೇ. ದಿನಕ್ಕೆ 2 ಗಂಟೆಯಂತೆ 80 ಗಂಟೆ ಬಸ್ಸಿನಲ್ಲೇ ಕಳೆಯುತ್ತದೆ. ಅಷ್ಟರಲ್ಲಿ 90 ನಿಮಿಷದ 53 ಪಂದ್ಯ ಆಡಬಹುದು.

ನೀರು: 105 ಮೀ. ಉದ್ದ, 68 ಮೀ. ಅಗಲದ ಮೈದಾನವೆಂದರೆ 7,140 ಚದರ ಮೀಟರ್, ಸುಮಾರು ಒಂದೂಮುಕ್ಕಾಲು ಎಕರೆ. 5 ಮಿ.ಮೀ. ನೀರುಣಿಸಲು ಒಮ್ಮೆಗೆ 35,700 ಲೀಟರ್ ಬೇಕು. ಶಿಬಿರ 8 ವಾರವಾದರೂ ಹುಲ್ಲು ಬೇಸಿಗೆಯಿಡೀ ಉಳಿಯಬೇಕು: ಫೆಬ್ರವರಿಯಿಂದ ಏಪ್ರಿಲ್‌ವರೆಗೆ 12 ವಾರ, ವಾರಕ್ಕೆ 3 ಸಲ ಹಾಯಿಸಿದರೆ 12,85,200 ಲೀಟರ್. 5,000 ಲೀಟರಿನ ಟ್ಯಾಂಕರ್ 257 ಸಲ ಬರಬೇಕು, ₹600ರಂತೆ ₹1,54,200.

ಒಟ್ಟು ₹2,56,700. ಅದರಲ್ಲಿ ನೀರಿನ ಪಾಲು ಶೇ 60, ಚೆಂಡಿನದು ಶೇ 4ಕ್ಕೂ ಕಡಿಮೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಲ್ಲಿ ಆಟದ ಖರ್ಚೂ ಕೊನೆಗೆ ನೀರಿನ ಖರ್ಚೇ. ಬೆಂಗಳೂರಿನಲ್ಲಿ ಸಂಸ್ಕರಿಸಿ ಕಳಿಸುವ ಕೆ.ಸಿ. ವ್ಯಾಲಿ ನೀರಿದೆಯಲ್ಲ ಎನ್ನಬಹುದು. ಅದು ಕೆರೆ ತುಂಬಿಸಿ ಅಂತರ್ಜಲ ಏರಿಸಲೆಂದು ಹರಿಸಿದ ನೀರು, ಮೋಟರ್ ಇಟ್ಟು ಎತ್ತುವುದಕ್ಕಲ್ಲ.

ಉಳಿತಾಯಕ್ಕೆ ಎರಡು ದಾರಿಗಳಿವೆ. ಮೊದಲನೆಯದು, ಮಳೆನೀರು ಹಿಡಿಯುವುದು. ಜಿಲ್ಲೆಯ ವಾರ್ಷಿಕ ಮಳೆ ಸುಮಾರು 740 ಮಿ.ಮೀ. 2,200 ಚದರ ಮೀಟರ್ ಚಾವಣಿಯ ಮೇಲೆ ಬೀಳುವ ಮಳೆಯಲ್ಲಿ ಶೇ 80 ಹಿಡಿದರೂ 13 ಲಕ್ಷ ಲೀಟರ್ ಸಿಗುತ್ತದೆ. ಮೂರು ತಿಂಗಳ ಹುಲ್ಲಿಗೆ ಅದು ಸಾಕು. ಅದನ್ನು ಕೂಡಿಡುವ ಕೃಷಿ ಹೊಂಡ ಕೋಲಾರದ ರೈತರಿಗೆ ಗೊತ್ತಿರುವ ವಿದ್ಯೆ. 21 ಮೀ. ಉದ್ದಗಲ, 3 ಮೀ. ಆಳದ ನೇರ ಗೋಡೆಯ ಹೊಂಡದಲ್ಲಿ 13.23 ಲಕ್ಷ ಲೀಟರ್ ನಿಲ್ಲುತ್ತದೆ. ತಳಕ್ಕೆ ಹಾಳೆ ಹಾಸಿ, ಬಿಸಿಲಿಗೆ ಆವಿಯಾಗದಂತೆ ಮೇಲೆ ಹೊದಿಕೆ ಹಾಕಬೇಕು. ಹೊಂಡದ ಖರ್ಚು ಒಮ್ಮೆ, ಟ್ಯಾಂಕರ್ ಖರ್ಚು ಪ್ರತಿ ವರ್ಷ.

ಎರಡನೆಯದು, ಶಿಬಿರವನ್ನು ಹಂಚುವುದು. 30 ದಿನ ಆಯಾ ಊರಿನಲ್ಲೇ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಕೈಕೆಳಗೆ, ಕೊನೆಯ 10 ದಿನ ಟಮಕದಲ್ಲಿ. ಬಸ್ ಖರ್ಚು ₹10,625ಕ್ಕೆ ಇಳಿಯುತ್ತದೆ. ನಾಲ್ಕು ಊರಿಗೆ ತಲಾ 3 ಚೆಂಡು ಕೊಡಲು ಇನ್ನೆರಡು ಕೊಂಡರೂ ₹29,875 ಉಳಿಯುತ್ತದೆ. ಹುಡುಗನ 80 ಗಂಟೆ ಪ್ರಯಾಣ 20ಕ್ಕೆ ಬರುತ್ತದೆ.

ಕ್ರೀಡಾ ಬಜೆಟ್ ಬರೆಯುವವರಲ್ಲಿ ಒಂದು ಮನವಿ: ಮೊದಲ ಸಾಲು ನೀರಿಗೆ, ಎರಡನೆಯದು ಬಸ್ಸಿಗೆ ಇರಲಿ. ಜರ್ಸಿಯ ಬಣ್ಣ ಆಮೇಲೆ ಆರಿಸಿದರೂ ನಡೆಯುತ್ತದೆ.