ಮಲೆನಾಡಿನ ಮನೆಯಂಗಳದಲ್ಲಿ ಕಾಳಿಂಗ ಸರ್ಪ

ಕಾಳಿಂಗ ಸರ್ಪವು ಜಗತ್ತಿನ ವಿಷಸರ್ಪಗಳಲ್ಲಿಯೇ ಅತ್ಯಂತ ಉದ್ದವಾದುದು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲೂಕುಗಳಲ್ಲಿ ಇದು ಕಾಡಿನಲ್ಲಿ ಮಾತ್ರವಲ್ಲದೆ ಅಡಕೆ ತೋಟ, ಕೊಟ್ಟಿಗೆ, ಸೌದೆಮನೆ ಹಾಗೂ ಅಂಗಳಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಇಲ್ಲಿನ ಮನೆಗಳು ಬಹುಮಟ್ಟಿಗೆ ತೋಟ ಮತ್ತು ಕಾಡಿನ ಅಂಚಿನಲ್ಲಿರುವ ಒಂಟಿಮನೆಗಳಾದ್ದರಿಂದ, ಹಾವು ಬಂದಾಗ ಏನು ಮಾಡಬೇಕೆಂಬ ತಿಳಿವಳಿಕೆ ಪ್ರತಿಯೊಂದು ಕುಟುಂಬಕ್ಕೂ ಅಗತ್ಯವಾಗಿದೆ.

ಹೆಸರು ಮತ್ತು ವರ್ಗೀಕರಣ

ಬಹುಕಾಲ ಎಲ್ಲ ಕಾಳಿಂಗ ಸರ್ಪಗಳನ್ನೂ ಒಂದೇ ಪ್ರಭೇದವೆಂದು ಪರಿಗಣಿಸಲಾಗಿತ್ತು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಇವುಗಳನ್ನು ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದರು. ಪಶ್ಚಿಮಘಟ್ಟದ ಪ್ರಭೇದಕ್ಕೆ ಕನ್ನಡದ ಹೆಸರನ್ನೇ ಉಳಿಸಿಕೊಂಡು 'ಓಫಿಯೋಫೇಗಸ್ ಕಾಳಿಂಗ' ಎಂದು ನಾಮಕರಣ ಮಾಡಲಾಯಿತು. 'ಓಫಿಯೋಫೇಗಸ್' ಎಂದರೆ ಹಾವುಗಳನ್ನು ತಿನ್ನುವುದು ಎಂದರ್ಥ.

ಮನೆಯತ್ತ ಬರಲು ಕಾರಣಗಳು

ಈ ಸರ್ಪದ ಮುಖ್ಯ ಆಹಾರ ಇತರ ಹಾವುಗಳು. ಭತ್ತದ ಕಣಜ, ಅಟ್ಟ ಮತ್ತು ಕೊಟ್ಟಿಗೆಗಳಲ್ಲಿ ಇಲಿಗಳು ಹೆಚ್ಚಿದಂತೆ ಅವುಗಳನ್ನು ಅರಸಿ ಕೇರೆಹಾವು, ನಾಗರಹಾವುಗಳು ಬರುತ್ತವೆ. ಅವುಗಳ ಜಾಡು ಹಿಡಿದು ಕಾಳಿಂಗ ಸರ್ಪ ಬರುತ್ತದೆ. ಮಾರ್ಚ್‌ನಿಂದ ಮೇ ತಿಂಗಳವರೆಗಿನ ಸಂತಾನೋತ್ಪತ್ತಿಯ ಕಾಲದಲ್ಲಿ ಗಂಡು ಹಾವುಗಳು ಹೆಣ್ಣನ್ನು ಹುಡುಕುತ್ತ ಅಲೆಯುವುದರಿಂದ ಆಗ ಇವು ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. ಹೆಣ್ಣು ಹಾವು ದರಗನ್ನು ರಾಶಿ ಮಾಡಿ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ ಮತ್ತು ಕೆಲಕಾಲ ಗೂಡನ್ನು ಕಾಯುತ್ತದೆ. ದರಗು ಗುಡಿಸಿ ತರುವವರು ಈ ಕಾಲದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಮಳೆಗಾಲದಲ್ಲಿ ಹೊರಬರುವ ಮರಿಗಳಿಗೂ ಹುಟ್ಟಿನಿಂದಲೇ ವಿಷವಿರುತ್ತದೆ.

ಅನುಸರಿಸಬೇಕಾದ ಕ್ರಮಗಳು

ಹಾವು ಕಂಡೊಡನೆ ಮಕ್ಕಳನ್ನೂ ನಾಯಿಯನ್ನೂ ಒಳಗೆ ಕರೆದುಕೊಂಡು, ದೂರದಿಂದ ಅದರ ಚಲನೆಯನ್ನು ಗಮನಿಸುತ್ತಿರಬೇಕು. ಸುತ್ತ ಜನ ಸೇರಬಾರದು. ಕಲ್ಲೆಸೆಯುವುದು, ಕೋಲಿನಿಂದ ಕೆಣಕುವುದು ಸಲ್ಲದು. ತೋಟ ಅಥವಾ ಅಂಗಳದಲ್ಲಿರುವ ಹಾವು ದಾರಿ ಬಿಟ್ಟುಕೊಟ್ಟರೆ ಸಾಮಾನ್ಯವಾಗಿ ತಾನಾಗಿಯೇ ಹೊರಟುಹೋಗುತ್ತದೆ. ಮನೆಯೊಳಗೆ ಸೇರಿಕೊಂಡಿದ್ದರೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ತಿಳಿಸಿ ತರಬೇತಿ ಪಡೆದ ಉರಗ ರಕ್ಷಕರನ್ನು ಕರೆಸಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಈ ಹಾವನ್ನು ಕೊಲ್ಲುವುದು ಶಿಕ್ಷಾರ್ಹ ಅಪರಾಧ.

ಸೌದೆಯನ್ನು ಗೋಡೆಗೆ ತಾಗದಂತೆ ಒಟ್ಟುವುದು, ಬಚ್ಚಲಿನ ನೀರುಗಂಡಿಗೆ ಜಾಲರಿ ಹಾಕುವುದು, ಇಲಿಗಳನ್ನು ನಿಯಂತ್ರಿಸುವುದು ಮತ್ತು ರಾತ್ರಿ ಬೆಳಕಿಲ್ಲದೆ ನಡೆಯದಿರುವುದು ದೀರ್ಘಕಾಲದ ಪರಿಹಾರಗಳು.

ದೂರ ಸಾಗಿಸುವುದರ ದೋಷ

ಹಿಡಿದ ಹಾವನ್ನು ದೂರದ ಕಾಡಿಗೆ ಬಿಟ್ಟರೆ ಸಮಸ್ಯೆ ಮುಗಿಯಿತೆಂಬ ಭಾವನೆ ವ್ಯಾಪಕವಾಗಿದೆ. ನೆರೆಯ ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ರೊಮುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರವು ರೇಡಿಯೋ ಸಾಧನಗಳನ್ನು ಅಳವಡಿಸಿ ಕಾಳಿಂಗ ಸರ್ಪಗಳ ಸಂಚಾರವನ್ನು ಅಧ್ಯಯನ ಮಾಡಿತು. ತನ್ನ ನೆಲೆಯಿಂದ ದೂರ ಬಿಡಲ್ಪಟ್ಟ ಹಾವು ಅಪರಿಚಿತ ಪ್ರದೇಶದಲ್ಲಿ ದಿಕ್ಕುಗಾಣದೆ ಬಹುದೂರ ಅಲೆಯುತ್ತದೆ; ಹೀಗೆ ಅಲೆಯುವಾಗ ಮತ್ತೆ ಮನುಷ್ಯರ ವಸತಿಗಳನ್ನು ಹೊಗುವ ಸಂಭವವಿದೆ. ಆದ್ದರಿಂದ ಹಿಡಿದ ಸ್ಥಳಕ್ಕೆ ಸಮೀಪದ ಕಾಡಿನಲ್ಲಿಯೇ ಬಿಡುವುದು ಸೂಕ್ತ.

ಕಡಿತ ಮತ್ತು ಚಿಕಿತ್ಸೆ

ಕಾಳಿಂಗ ಸರ್ಪದ ಕಡಿತ ಅಪರೂಪ. ಆದರೆ ಅತ್ಯಂತ ಅಪಾಯಕಾರಿ. ಇದರ ವಿಷವು ನರಮಂಡಲದ ಮೇಲೆ ಪರಿಣಾಮ ಬೀರಿ ಉಸಿರಾಟವನ್ನು ನಿಲ್ಲಿಸಬಲ್ಲದು. ಭಾರತದಲ್ಲಿ ಬಳಕೆಯಲ್ಲಿರುವ ಬಹುವಿಷ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲಗಳ ವಿಷದಿಂದ ತಯಾರಾದುದು. ಕಾಳಿಂಗದ ವಿಷ ಅದರಲ್ಲಿ ಸೇರಿಲ್ಲ. ಹೀಗಾಗಿ ಕೃತಕ ಉಸಿರಾಟದ ಸೌಲಭ್ಯವಿರುವ ಆಸ್ಪತ್ರೆಯನ್ನು ಬೇಗನೆ ತಲುಪುವುದೇ ಜೀವರಕ್ಷಣೆಯ ಮಾರ್ಗ. ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಡಿತಕ್ಕೊಳಗಾದ ಅಂಗವನ್ನು ಅಲುಗಾಡಿಸದೆ 108 ವಾಹನವನ್ನು ಕರೆಯಬೇಕು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಪರಿಸರದಲ್ಲಿ ಸ್ಥಾನ

ಇತರ ವಿಷಸರ್ಪಗಳನ್ನೂ ತಿನ್ನುವ ಕಾಳಿಂಗ ಸರ್ಪವು ಅವುಗಳ ಸಂಖ್ಯೆಯನ್ನು ಮಿತಿಯಲ್ಲಿಡಲು ನೆರವಾಗುತ್ತದೆ. ಕಾಡಿನ ನಾಶ ಮತ್ತು ಭಯದಿಂದಾಗುವ ಹತ್ಯೆಗಳು ಅದಕ್ಕಿರುವ ಪ್ರಮುಖ ಅಪಾಯಗಳಾಗಿವೆ.