ಹುಳು ಸತ್ತರೆ ಸಾಲದು, ಕಣಜ ಉಳಿಯಬೇಕು

ವಜ್ರಬೆನ್ನಿನ ಪತಂಗದ ಮರಿಹುಳುವನ್ನು ಕಡ್ಡಿಯಿಂದ ಮುಟ್ಟಿದರೆ ಸಾಕು, ಮೈ ಕೊಸರಾಡಿ ಹಿಂದಕ್ಕೆ ಸರಿದು, ಎಲೆಯಂಚಿನಿಂದ ನೂಲು ಬಿಟ್ಟುಕೊಂಡು ಜೋತುಬೀಳುತ್ತದೆ. ಕೋಲಾರ, ಮಾಲೂರು ಕಡೆಯ ಕೋಸು ಬೆಳೆಗಾರರಿಗೆ ಇದು ‘ಡಿಬಿಎಂ’. ಉದ್ದ ಹೆಚ್ಚೆಂದರೆ ಸುಮಾರು ಒಂದು ಸೆಂಟಿಮೀಟರ್. ಔಷಧಿಗೆ ಬಗ್ಗದಿರುವುದರಲ್ಲಿ ಮಾತ್ರ ಘಟಾನುಘಟಿ. 1950ರ ದಶಕದಲ್ಲೇ ಜಾವಾದಲ್ಲಿ ಡಿಡಿಟಿಯನ್ನು ಅರಗಿಸಿಕೊಂಡಿತು. 1990ರ ಹೊತ್ತಿಗೆ ಹವಾಯಿಯ ಹೊಲಗಳಲ್ಲಿ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಅಂದರೆ ಬಿಟಿ ಎಂಬ ಸೂಕ್ಷ್ಮಾಣುವಿನ ಔಷಧಿಗೂ ಜಗ್ಗದಾಯಿತು.

ಇದಕ್ಕೊಂದು ಶತ್ರುವಿದೆ: ಕೊಟೇಸಿಯಾ ಎಂಬ ಪುಟ್ಟ ಕಪ್ಪು ಕಣಜ. ಹೆಣ್ಣು ಕಣಜ ಹುಳುವಿನ ಮೈಯೊಳಗೆ ಮೊಟ್ಟೆ ಚುಚ್ಚುತ್ತದೆ. ಮರಿ ಒಳಗೇ ಬೆಳೆದು, ವಾರದ ಹೊತ್ತಿಗೆ ಚರ್ಮ ಸೀಳಿ ಹೊರಬಂದು, ಪಕ್ಕದಲ್ಲೇ ಬಿಳಿ ಗೂಡು ನೇಯುತ್ತದೆ. ಹುಳು ಆಮೇಲೆ ಉಳಿಯುವುದಿಲ್ಲ.

ಹಾಗಾಗಿ ಯಾವುದೇ ಹೊಸ ಔಷಧಿಗೆ ಎರಡು ಪರೀಕ್ಷೆ ಬೇಕು. ಮೊದಲನೆಯದು ಸರಳ. ಕೋಸಿನ ಎಲೆಯ ತುಂಡುಗಳನ್ನು ಬೇರೆಬೇರೆ ಪ್ರಮಾಣದ ದ್ರಾವಣದಲ್ಲಿ ಅದ್ದಿ, ನೆರಳಿನಲ್ಲಿ ಆರಿಸಿ, ಹುಳು ಬಿಡುತ್ತಾರೆ. ಎರಡು ಮೂರು ದಿನ ಕಳೆದ ಮೇಲೆ ಬ್ರಷ್ಷಿನ ತುದಿಯಿಂದ ಮುಟ್ಟಿ ನೋಡುತ್ತಾರೆ. ಕದಲದಿದ್ದರೆ ಸತ್ತಿದೆ ಎಂದು ಲೆಕ್ಕ. ಬರೀ ನೀರಿನಲ್ಲಿ ಅದ್ದಿದ ಎಲೆ ತಿಂದವುಗಳಲ್ಲೂ ಕೆಲವು ಸಾಯುತ್ತವೆ. ಆ ಸಾವನ್ನು ಔಷಧಿಯ ಖಾತೆಗೆ ಜಮಾ ಮಾಡದಿರಲು ಕೀಟವಿಜ್ಞಾನಿ ಅಬಾಟ್ 1925ರಲ್ಲಿ ಕೊಟ್ಟ ಸೂತ್ರವನ್ನೇ ಇಂದಿಗೂ ಬಳಸುತ್ತಾರೆ.

ಎರಡನೆಯದು ಕಣಜದ ಸರದಿ. ಒಳಗೋಡೆಗೆ ಔಷಧಿ ಲೇಪಿಸಿದ ಗಾಜಿನ ನಳಿಕೆಯಲ್ಲಿ ಕಣಜಗಳನ್ನು ಬಿಟ್ಟು, ಜೇನಿನ ಹನಿ ಇಟ್ಟು ಕಾಯುತ್ತಾರೆ. ಗೂಡುಗಳನ್ನೇ ಔಷಧಿಯಲ್ಲಿ ಅದ್ದಿ, ಎಷ್ಟು ಕಣಜ ಹೊರಬಂದವೆಂದು ಎಣಿಸುವುದೂ ಉಂಟು. ಪ್ರಯೋಗಾಲಯದಲ್ಲಿ ಶೇ 30ಕ್ಕಿಂತ ಕಡಿಮೆ ಸತ್ತರೆ ಔಷಧಿ ನಿರಪಾಯ, ಶೇ 99 ದಾಟಿದರೆ ಅಪಾಯಕಾರಿ ಎಂಬುದು ಅಂತರರಾಷ್ಟ್ರೀಯ ವರ್ಗೀಕರಣ.

‘ಜೈವಿಕ’ ಎಂಬ ಹಣೆಪಟ್ಟಿ ಕೈಕೊಡುವುದು ಇಲ್ಲೇ. ಸ್ಪಿನೋಸ್ಯಾಡ್ ಎಂಬ ಕೀಟನಾಶಕ ಅಪ್ಪಟ ಮಣ್ಣಿನ ಕೂಸು: ಕೆರಿಬಿಯನ್ ದ್ವೀಪವೊಂದರ ಪಾಳುಬಿದ್ದ ರಮ್ ಭಟ್ಟಿಯಿಂದ 1982ರಲ್ಲಿ ತಂದ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಉತ್ಪನ್ನ. ಆದರೆ ಅದು ಹೊಡೆಯುವುದು ನರಮಂಡಲಕ್ಕೆ. ನರಗಳು ಕಣಜಕ್ಕೂ ಇವೆಯಲ್ಲ! ಒಣಗಿದ ಲೇಪದ ಮೇಲೆ ನಡೆದಾಡಿದರೂ ಕಣಜ ಸಾಯಬಹುದು. ಬಿಟಿಯ ದಾರಿ ಬೇರೆ. ಅದನ್ನು ಹುಳು ತಿನ್ನಬೇಕು, ಕ್ಷಾರೀಯ ಕರುಳಿನಲ್ಲಿ ಅದರ ಪ್ರೋಟೀನು ಕರಗಬೇಕು, ಕರುಳಿನ ಗೋಡೆಗೆ ಅಂಟಬೇಕು. ಎಲೆ ತಿನ್ನದ ಕಣಜಕ್ಕೆ ಅದು ನೇರವಾಗಿ ತಟ್ಟುವುದಿಲ್ಲ.

ಹಾಗೆಂದು ಬಿಟಿಗೂ ಪೂರ್ತಿ ಅಂಕ ಕೊಡುವಂತಿಲ್ಲ. ಹೊಟ್ಟೆಯಲ್ಲಿ ಕಣಜದ ಮರಿ ಹೊತ್ತ ಹುಳು ಬಿಟಿ ತಿಂದು ಸತ್ತರೆ ಮರಿಯೂ ಸಾಯುತ್ತದೆ. ವಿಷ ತಾಗಿ ಅಲ್ಲ, ಊಟ ಮುಗಿಯುವ ಮೊದಲೇ ಮನೆ ಕುಸಿದು. 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಬಿಟಿ ಗುಣ ಸೇರಿಸಿದ ಎಣ್ಣೆಬೀಜದ ಗಿಡಗಳಲ್ಲಿ ಇದನ್ನೇ ತೋರಿಸಿತು. ಜೊತೆಗೊಂದು ಸ್ವಾರಸ್ಯ: ಬಿಟಿಗೆ ಬಗ್ಗದ ಹುಳುಗಳೊಳಗೆ ಕಣಜದ ಮರಿಗಳು ಸೊಂಪಾಗಿ ಬೆಳೆದವು. ಅಂದರೆ ಔಷಧಿ ಸೋತ ಕಡೆ ಕೆಲಸ ಮಾಡಲು ಕಣಜ ಉಳಿದಿರುತ್ತದೆ, ನಾವು ಅದನ್ನು ಉಳಿಸಿದ್ದರೆ.

ಎಷ್ಟು ಹುಳು ಸತ್ತವು ಎಂಬ ಒಂದೇ ಅಂಕಿಯನ್ನು ದೊಡ್ಡದಾಗಿ ಅಚ್ಚುಹಾಕುವ ಕರಪತ್ರಗಳು ನನಗೆ ಅರ್ಧ ಸತ್ಯವಾಗಿ ಕಾಣುವುದು ಇದಕ್ಕೇ. ಕೊಳ್ಳುವ ಮೊದಲು ಅಂಗಡಿಯವನನ್ನು ಕಣಜದ ಲೆಕ್ಕವನ್ನೂ ಕೇಳಬೇಕು.