ಬೆಂಕಿ ಬಿದ್ದ ಮನೆಯ ಹೊರಮೈ ದುರಸ್ತಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಮನೆಗಳ ಗೋಡೆ ಹೆಚ್ಚಾಗಿ ಮಣ್ಣಿನದು ಇಲ್ಲವೇ ಕೆಂಪುಕಲ್ಲಿನದು; ಮಾಡು ಮರದ ಪಕಾಸು, ರೀಪಿನ ಮೇಲೆ ಹೊದೆಸಿದ ಮಂಗಳೂರು ಹಂಚಿನದು. ಬೆಂಕಿ ಮೇಲೇರಿ ಅಟ್ಟ ಮುಟ್ಟಿತೆಂದರೆ ಮಾಡು ಉಳಿಯುವುದು ಕಷ್ಟ. ಬೇಸಿಗೆಯಲ್ಲಿ ಹೀಗಾದರೆ ಜೂನಿನ ಮಳೆ ಹಿಡಿಯುವುದರೊಳಗೆ ಹೊಸ ಮಾಡು ಏಳಬೇಕು. ಮಣ್ಣಿನ ಗೋಡೆ ಬೆಂಕಿಯನ್ನಾದರೂ ತಾಳೀತು, ನೆತ್ತಿ ತೆರೆದುಕೊಂಡು ಮಲೆನಾಡಿನ ಮಳೆಯನ್ನು ತಾಳದು. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಗೋಡೆಯ ತಲೆಗೆ ತಾಡಪಾಲು ಹೊದೆಸಿ, ಮೈಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದೇ ದಾರಿ.

ಹೆಸ್ಕಾಂನವರು ವಿದ್ಯುತ್ ಕಡಿತಗೊಳಿಸುವ ಮುನ್ನ ಗೋಡೆ ಮುಟ್ಟುವಂತಿಲ್ಲ. ಪರಿಹಾರವೋ ವಿಮೆಯೋ ಕೇಳುವುದಿದ್ದರೆ ಪಂಚನಾಮೆ ಆಗುವ ತನಕ ಅವಶೇಷಗಳನ್ನು ಕದಲಿಸದಿರುವುದು ಒಳ್ಳೆಯದು.

ಕಪ್ಪಾದ ಮರವೆಲ್ಲ ಕೆಟ್ಟದ್ದಲ್ಲ. ಉರಿಯುವ ಮರ ನಿಮಿಷಕ್ಕೆ ಸುಮಾರು ಅರ್ಧದಿಂದ ಮುಕ್ಕಾಲು ಮಿಲಿಮೀಟರಿನಷ್ಟು ಇದ್ದಿಲಾಗುತ್ತ ಒಳಸರಿಯುತ್ತದೆ. ಆ ಇದ್ದಿಲೇ ಒಳಗಿನ ತಿರುಳಿಗೆ ಬಿಸಿ ತಾಗದಂತೆ ತಡೆಯುತ್ತದೆ. ಅರ್ಧ ಗಂಟೆ ಉರಿದ ದಪ್ಪ ಕಂಬವನ್ನು ಕೆತ್ತಿ ನೋಡಿದರೆ ಎರಡು ಸೆಂಟಿಮೀಟರಿನ ಆಚೆ ಗಟ್ಟಿ ಮರ ಸಿಗಬಹುದು. ಅದೇ ಅರ್ಧ ಗಂಟೆಯಲ್ಲಿ ತೆಳ್ಳಗಿನ ರೀಪು ಪೂರ್ತಿ ಹೋಗಿರುತ್ತದೆ. ಉಳಿದ ಕಂಬ ಎಷ್ಟು ಭಾರ ಹೊರಬಲ್ಲದೆಂದು ಅನುಭವಿ ಬಡಗಿಯೋ ಎಂಜಿನಿಯರೋ ಹೇಳಬೇಕು. ಹೊಸ ಮರ ಬೇಕಾದರೆ, ಸ್ವಂತ ಜಾಗದಲ್ಲೇ ಇದ್ದರೂ ತೇಗ, ಹೊನ್ನೆಯಂಥವನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆ ಅರ್ಜಿಯನ್ನು ಮೊದಲ ವಾರವೇ ಹಾಕುವುದು ಲೇಸು.

ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಹಬ್ಬಿದ ಮಂಗಳೂರು ಹಂಚು ಭಟ್ಟಿಯಲ್ಲಿ ಬೆಂದೇ ಬಂದದ್ದು. ಬೆಂಕಿಗಿಂತ ಅದಕ್ಕೆ ಕೇಡು, ಕಾದಾಗ ಮೇಲೆ ಬೀಳುವ ತಣ್ಣೀರು. ಕಣ್ಣಿಗೆ ಕಾಣದ ಸೀಳಿದ್ದರೆ ಬೆರಳಿನಿಂದ ತಟ್ಟಿದಾಗ ಸದ್ದು ಒಡಕಾಗಿರುತ್ತದೆ. ಒಳ್ಳೆಯ ಹಂಚು ಠಣ್ಣೆನ್ನುತ್ತದೆ.

ಗೋಡೆಯದೇ ಸೂಕ್ಷ್ಮ. ಮಣ್ಣಿನ ಗೋಡೆಯ ಹೊರಪದರ ಸುಟ್ಟು ಇಟ್ಟಿಗೆಯಂತಾಗಿ ಒಳಗಿನ ಹಸಿಮಣ್ಣಿನಿಂದ ಬಿಟ್ಟುಕೊಳ್ಳುತ್ತದೆ; ತಟ್ಟಿದರೆ ಟೊಳ್ಳು ಸದ್ದು. ಕೆಂಪುಕಲ್ಲಿನ ಹಳದಿ ಎಳೆಗಳು ಗಾಢ ಕೆಂಪಾಗಿದ್ದರೆ ಅಲ್ಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದೆಯೆಂದು ಊಹಿಸಬಹುದು. ಹೆಚ್ಚು ಪೆಟ್ಟು ಬಿದ್ದಿರುವುದು ಕಿಟಕಿ, ಬಾಗಿಲುಗಳ ಮೇಲ್ಭಾಗಕ್ಕೆ, ಜ್ವಾಲೆ ಹೊರನುಗ್ಗಿದ ಕಡೆ. ಬಿಟ್ಟುಕೊಂಡ ಪದರ ಕೆತ್ತಿ, ಅದೇ ಬಗೆಯ ಮಣ್ಣಿನಿಂದ ಅಥವಾ ಸುಣ್ಣದ ಗಾರೆಯಿಂದ ತುಂಬಬೇಕು. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸುವುದು ಇತ್ತೀಚಿನ ಆತುರದ ಅಭ್ಯಾಸ: ಗೋಡೆಯ ತೇವ ಹೊರಬರಲಾರದೆ ಒಳಗೇ ನಿಂತು, ಗಿಲಾವು ಹಪ್ಪಳದಂತೆ ಏಳುತ್ತದೆ. ಕಾಂಕ್ರೀಟಿನ ಸಜ್ಜಾ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅಥವಾ ಕಬ್ಬಿಣ ಕಾಣಿಸಿದರೆ ಮೇಲ್ತೇಪೆ ಸಾಲದು.

ಮಸಿಯನ್ನು ಮೊದಲು ಒಣ ಬ್ರಷ್ಷಿನಿಂದಲೇ ತೆಗೆಯಬೇಕು. ನೀರು ಹಾಕಿದರೆ ಮಸಿ ಕಲ್ಲಿನ ರಂಧ್ರಗಳಿಗೆ ಇಳಿಯುತ್ತದೆ. ತೊಳೆಯುವಾಗ ಆ ನೀರು ಬಾವಿಯತ್ತ ಹರಿಯಬಾರದು. ಸುಣ್ಣ ಬಳಿಯಲು ಅವಸರವಿಲ್ಲ. ಮಳೆಗಾಲ ಕಳೆದು ಗೋಡೆ ಒಣಗಿದ ಮೇಲೆ, ದೀಪಾವಳಿಯ ಹೊತ್ತಿಗೆ ಬಳಿದರೆ ಸಾಕು.